ಯುದ್ಧದಿಂದ ಪ್ರಜಾಪ್ರಭುತ್ವ ಬರ್ತದೇನು? — 1948ರ ಸೊಲ್ಲಾಪುರ-ನಳದುರ್ಗ ಹಾದಿ



ನಮ್ಮ ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ನೀನೂ ಏನರೆ ಬರಿ ಅಂತ ಹಿರಿಯರು ಹೇಳಿದಾಗ, ಪ್ರತಿ ವರ್ಷದಂತೆ ಬಾಬಾಸಾಹೇಬರ ಜೀವನದ ಮೇಲೆ ಎರಡು ಪುಟ ಬರೆದು ಕೊಟ್ಟರಾಯ್ತು ಅಂತ ಮಾಡಿದ್ದೆ. ಅಷ್ಟರಲ್ಲಿ ಕಾಲೇಜಿನಲ್ಲಿ ಒಂದು ಮಾತು ನಡೀತು. ರಾಜ್ಯಶಾಸ್ತ್ರದ ತಾಸಿನಲ್ಲಿ ಸರ್ ಇರಾಕ್ ಯುದ್ಧದ ಬಗ್ಗೆ ಹೇಳುತ್ತಿದ್ದರು. ಕೊನೆಗೆ ಮರಾಠಿಯಲ್ಲಿ ಒಂದು ಪ್ರಶ್ನೆ ಹಾಕಿ, ನಾಳೆ ಹತ್ತು ಸಾಲು ಬರೆದುಕೊಂಡು ಬರ್ರಿ ಅಂದರು: ಹೊರಗಿನ ನಾಡಿಗೆ ಬಂದೂಕಿನಿಂದ ಪ್ರಜಾಪ್ರಭುತ್ವ ಹಂಚಲು ಹೋದ ಸರ್ಕಾರ ತನ್ನ ಮನೆಯೊಳಗಿನ ಪ್ರಜಾಪ್ರಭುತ್ವವನ್ನು ಸೊರಗಿಸಿಕೊಳ್ಳುತ್ತದೆಯೇ?

ವರ್ಗದವರೆಲ್ಲ ಅಮೆರಿಕದ ಮೇಲೆ ಬರೆದರು. ನಾನೂ ಅದನ್ನೇ ಬರೆಯಬೇಕು ಅಂತಿದ್ದೆ. ಆದರೆ ಅವತ್ತು ಸಂಜೆ ಅಕ್ಕಲಕೋಟ ಬಸ್ಸಿನಲ್ಲಿ ನಿಂತು ಬರುವಾಗ ನಮ್ಮ ಅಜ್ಜಿ ನೆನಪಾದಳು. ಅವಳ ತವರು ಆಳಂದ ಕಡೆ. ಆಗ ಅದು ಮೊಗಲಾಯಿ. ನಿಜಾಮನ ನಾಡಿಗೆ ನಮ್ಮ ಕಡೆ ಇವತ್ತಿಗೂ ಹಳಬರು ಮೊಗಲಾಯಿ ಅಂತಲೇ ಅಂತಾರೆ. ರಜಾಕಾರರ ಹಾವಳಿಯಲ್ಲಿ ಅವಳ ಅಪ್ಪ ಅವ್ವ ಗಂಟು ಕಟ್ಟಿಕೊಂಡು ಈ ಕಡೆ ನಮ್ಮ ಕೇರಿಗೆ ಬಂದರು. ಅವಳಿಗಾಗ ಎಂಟು ವರ್ಷ. ದಸರೆ ಮುಗಿದ ಮೇಲೆ ಮರಳಿ ಊರಿಗೆ ಹೋದರೆ, ಹಾದಿಬದಿಯ ಪಿಂಜಾರರ ಮನೆಗೆ ಬಾಗಿಲು ಇರಲಿಲ್ಲವಂತೆ. ಚೌಕಟ್ಟಿನ ಸಹಿತ ಕಿತ್ತುಕೊಂಡು ಹೋಗಿದ್ದರು. ಮನೆಯವರೂ ಇರಲಿಲ್ಲ. "ಅವ್ರೆಲ್ಲಿ ಹೋದ್ರು ಅಂತ ಯಾರೂ ಕೇಳ್ಲಿಲ್ಲ, ಯಾರೂ ಹೇಳ್ಲಿಲ್ಲ" ಅಂತಾಳೆ. ಸರ್ ಕೇಳಿದ ಪ್ರಶ್ನೆ ಬಾಗ್ದಾದಿನದಷ್ಟೇ ಅಲ್ಲ, ನಮ್ಮ ಬೋರಿ ಹೊಳೆಯ ದಂಡೆಯದೂ ಹೌದು ಅಂತ ನನಗೆ ಆಗ ಹೊಳೆಯಿತು.

ಮೊದಲು ಸುಲಭದ ಉದಾಹರಣೆ ಮುಗಿಸಿಬಿಡುತ್ತೇನೆ. 1917ರ ಮಾರ್ಚ್‌ನಲ್ಲಿ ಇಂಗ್ಲಿಷರ ದಂಡು ಬಾಗ್ದಾದ್ ಹಿಡಿಯಿತು. ಜನರಲ್ ಮಾಡ್ ಅಲ್ಲಿಯ ಜನರಿಗೆ ಒಂದು ಜಾಹೀರನಾಮೆ ಹೊರಡಿಸಿ, ನಾವು ಗೆಲ್ಲಲು ಬಂದವರಲ್ಲ, ನಿಮ್ಮನ್ನು ಬಿಡುಗಡೆ ಮಾಡಲು ಬಂದವರು ಅಂದ. ಮರುತಿಂಗಳು ಅಮೆರಿಕದ ಅಧ್ಯಕ್ಷ ವಿಲ್ಸನ್ ಜಗತ್ತಿನಲ್ಲಿ ಪ್ರಜಾಪ್ರಭುತ್ವ ಸುರಕ್ಷಿತವಾಗಿರಬೇಕು ಅಂತ ಹೇಳಿ ಯುದ್ಧಕ್ಕಿಳಿದ. ಅದೇ ವಿಲ್ಸನ್ ಸರ್ಕಾರ ಯುದ್ಧದ ವಿರುದ್ಧ ಭಾಷಣ ಮಾಡಿದ ಯೂಜೀನ್ ಡೆಬ್ಸ್ ಎಂಬ ಕಾರ್ಮಿಕ ನಾಯಕನಿಗೆ ಹತ್ತು ವರ್ಷ ಶಿಕ್ಷೆ ಕೊಡಿಸಿತು. ಅಂವ 1920ರಲ್ಲಿ ಜೇಲಿನಿಂದಲೇ ಅಧ್ಯಕ್ಷ ಚುನಾವಣೆಗೆ ನಿಂತು ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ತಗೊಂಡ.

ಇಂಗ್ಲಿಷರ ಪರವಾಗಿ ಹೊರದೇಶಕ್ಕೆ ಹೋಗಿ ಹೋರಾಡಿದ ಹಿಂದುಸ್ತಾನದವರು ಹತ್ತು ಲಕ್ಷಕ್ಕೂ ಹೆಚ್ಚು. ಮಹಾರರನ್ನು 1890ರ ದಶಕದಿಂದ ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ಬಿಟ್ಟಿದ್ದರು. ಯುದ್ಧಕ್ಕೆ ಜನ ಸಾಲದೆ ಬಂದಾಗ ಜಾತಿ ನೆನಪಾಗಲಿಲ್ಲ. 1917ರಲ್ಲಿ 111ನೇ ಮಹಾರ್ ಪಲಟಣ ಕಟ್ಟಿದರು, 1921ರಲ್ಲಿ ಮುರಿದು ಹಾಕಿದರು. ಆ ನಡುವೆ 1919ರಲ್ಲಿ ರೌಲಟ್ ಕಾಯಿದೆ, ವಿಚಾರಣೆ ಇಲ್ಲದೆ ಒಳಗೆ ಹಾಕುವ ಅಧಿಕಾರ, ಆಮೇಲೆ ಜಲಿಯನ್‌ವಾಲಾ ಬಾಗ್. ನಮ್ಮ ಸೊಲ್ಲಾಪುರಕ್ಕೆ ಇದರ ರುಚಿ 1930ರಲ್ಲಿ ಹತ್ತಿತು. ಗಾಂಧೀಜಿಯವರ ಬಂಧನದ ನಂತರ ಜನ ಬೀದಿಗಿಳಿದು, ಗೋಲಿಬಾರ್ ಆಗಿ, ಪೊಲೀಸರು ಊರು ಬಿಟ್ಟು ಹೋಗಿ, ಕೆಲವು ದಿವಸ ಇಲ್ಲಿ ಸರ್ಕಾರವೇ ಇರಲಿಲ್ಲ. ಮೇ 12ಕ್ಕೆ ಮಾರ್ಶಲ್ ಲಾ ಬಂತು, ಜೂನ್ ಕೊನೆಯವರೆಗೆ ನಡೀತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ಯರವಡಾ ಜೇಲಿನಲ್ಲಿ ಗಲ್ಲಿಗೇರಿಸಿದರು. ಚಾರ್ ಪುತಳಾ ಹತ್ತಿರ ರಿಕ್ಷಾ ಹಿಡಿಯುವಾಗ ದಿನಾ ನೋಡುವ ಪುತ್ಥಳಿಗಳು ಇವರವೇ.

ಇದರಲ್ಲಿ ವಾದ ಮಾಡುವಂಥದ್ದು ಏನೂ ಇಲ್ಲ. ಪರದೇಶದವರ ಆಳ್ವಿಕೆ, ಅವರಿಗೆ ನಮ್ಮ ಮನೆಯಲ್ಲಿ ಪ್ರಜಾಪ್ರಭುತ್ವ ಬೇಕೇ ಆಗಿರಲಿಲ್ಲ. ತೊಡಕು ಇರೋದು ನಮ್ಮದೇ ಸರ್ಕಾರ ಹೋದಾಗ, ಹೋಗಬೇಕಾದ ಕಾರಣವೂ ಖರೇ ಇದ್ದಾಗ. 1930ರಲ್ಲಿ ಸೈನ್ಯ ಸೊಲ್ಲಾಪುರದ ಒಳಗೆ ಬಂತು. 1948ರಲ್ಲಿ ಸೊಲ್ಲಾಪುರದಿಂದ ಹೊರಗೆ ಹೋಯಿತು.

ಹೊರಗೆ ಅಂದರೆ ಎಲ್ಲಿ? ನಳದುರ್ಗ ಇಲ್ಲಿಂದ ಸುಮಾರು 45 ಕಿಲೋಮೀಟರ್. ಇವತ್ತು ಧಾರಾಶಿವ ಜಿಲ್ಲೆ, ಆವತ್ತು ಬೇರೆ ರಾಜ್ಯ. 1947ರ ಆಗಸ್ಟ್‌ನಲ್ಲಿ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ತೆಲಂಗಾಣ, ಮರಾಠವಾಡಾ, ನಮ್ಮ ಕನ್ನಡದ ಗುಲಬರ್ಗಾ, ಬೀದರ, ರಾಯಚೂರು ಎಲ್ಲಾ ಅವನ ಕೆಳಗೆ. ಜನರಿಗೆ ಜವಾಬ್ದಾರಿಯಾದ ಸರ್ಕಾರ ಬೇಕು ಅಂತ ಸ್ವಾಮಿ ರಾಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ ಚಳವಳಿ ನಡೆಸಿತ್ತು. ಅದಕ್ಕೆ ಉತ್ತರವಾಗಿ ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು ಹಳ್ಳಿ ಸುಡತೊಡಗಿದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಊರಿನ ಹತ್ಯಾಕಾಂಡ ಆಯಿತು. ಅದೇ ತಿಂಗಳು 22ಕ್ಕೆ ಗಾಣಗಾಪುರ ಸ್ಟೇಶನ್ನಿನಲ್ಲಿ ಮುಂಬೈ ಕಡೆಯ ಮೇಲ್ ಗಾಡಿ ಮೇಲೆ ದಾಳಿ ಆಯಿತು. ದುಧನಿ ದಾಟಿ ಕಲಬುರ್ಗಿಗೆ ಹೋಗುವಾಗ ನಾವು ಇವತ್ತಿಗೂ ಹಾಯುವ ಸ್ಟೇಶನ್ ಅದು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಸೈನ್ಯ ಹೋಗಬಾರದಿತ್ತು ಅನ್ನುವ ಮಾತು ನಾನು ಹೇಳುತ್ತಿಲ್ಲ. ನಮ್ಮಜ್ಜಿಯ ಅಪ್ಪ ಹೆಂಡತಿ ಮಕ್ಕಳನ್ನು ಕರಕೊಂಡು ರಾತ್ರಿ ನಡೆದು ಬಂದದ್ದು ಸುಳ್ಳಲ್ಲ.

ದಲಿತರಲ್ಲೂ ಆಗ ಒಂದೇ ದಾರಿ ಇರಲಿಲ್ಲ. ಹೈದರಾಬಾದಿನ ಬಿ.ಎಸ್. ವೆಂಕಟರಾವ್ ನಿಜಾಮನ ಕಡೆಯ ಲಾಯಕ್ ಅಲಿ ಮಂತ್ರಿಮಂಡಳದಲ್ಲಿ ಮಂತ್ರಿ. ಮುಂದೆ 1968ರಲ್ಲಿ ಕಲಬುರ್ಗಿಯಲ್ಲಿ ಭೀಮಸೇನೆ ಕಟ್ಟಿದ ಶ್ಯಾಮಸುಂದರ್ ಹೈದರಾಬಾದಿನ ಪರ ವಾದ ಮಾಡಲು ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು. ಬಾಬಾಸಾಹೇಬರು ಮಾತ್ರ 1947ರ ನವೆಂಬರ್‌ನಲ್ಲೇ ಹೇಳಿಕೆ ಕೊಟ್ಟು, ಹೈದರಾಬಾದಿನ ನಮ್ಮ ಜನ ನಿಜಾಮನ ಪಕ್ಷ ಹಿಡಿಯಬಾರದು ಅಂತ ಸ್ಪಷ್ಟ ತಿಳಿಸಿದ್ದರು. ಶ್ಯಾಮಸುಂದರರನ್ನು ದ್ರೋಹಿ ಅನ್ನುವವರು ನಮ್ಮಲ್ಲೂ ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಸವರ್ಣರ ಕೈಗೆ ಹೊಸ ರಾಜ್ಯ ಹೋದರೆ ನಮ್ಮ ಗತಿ ಏನು ಅನ್ನುವ ಅಂಜಿಕೆ ಅವರದು. ಆ ಅಂಜಿಕೆ ಪೂರ್ತಿ ಸುಳ್ಳು ಅಂತ ಯಾರು ಹೇಳಬಲ್ಲರು?

ಸೆಪ್ಟೆಂಬರ್ 13ರ ನಸುಕಿನಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧರಿಯವರ ದಂಡು ಸೊಲ್ಲಾಪುರದಿಂದ ಹೊರಟಿತು. ನಳದುರ್ಗದ ಹತ್ತಿರ ಬೋರಿ ಹೊಳೆಯ ಸೇತುವೆಯನ್ನು ನಿಜಾಮನ ಕಡೆಯವರು ಒಡೆಯುವ ಮೊದಲೇ ಹಿಡಿದುಕೊಂಡರು. ಅದೇ ಬೋರಿ ಅಲ್ಲಿಂದ ಇಳಿದು ಕುರನೂರಿಗೆ, ನಮ್ಮ ಅಕ್ಕಲಕೋಟಕ್ಕೆ ಬರುತ್ತದೆ. ಉಮರ್ಗಾ, ಜಹೀರಾಬಾದ್ ಹಾದಿ ಹಿಡಿದು ಹೋದ ದಂಡಿಗೆ ಐದು ದಿವಸ ಸಾಕಾಯಿತು. 17ಕ್ಕೆ ನಿಜಾಮ ಕೈಚೆಲ್ಲಿದ, 18ಕ್ಕೆ ಅವನ ಸೇನಾಪತಿ ಎಲ್ ಇದ್ರೂಸ್ ಶರಣಾದ. ಸರ್ಕಾರ ಇದಕ್ಕೆ ಯುದ್ಧ ಅನ್ನಲಿಲ್ಲ, ಪೊಲೀಸ್ ಆ್ಯಕ್ಷನ್ ಅಂತ ಹೆಸರಿಟ್ಟಿತು. ರಣಗಾಡಿ, ವಿಮಾನ, ತೋಪು ಎಲ್ಲಾ ಹೋಗಿದ್ದವು. ವಿಷಯ ಭದ್ರತಾ ಮಂಡಳಿಯ ಮುಂದೆಯೂ ಹೋಗಿತ್ತು. ಆದರೂ ಪೊಲೀಸರ ಕೆಲಸ ಅಂದುಬಿಟ್ಟರೆ ಅದು ಮನೆಯೊಳಗಿನ ವಿಷಯ, ಹೊರಗಿನವರು ಕೇಳುವಂತಿಲ್ಲ. ಮನೆಯವರು ಕೇಳಬಹುದೋ ಅಂದರೆ, ಅದೂ ಆಗಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ಅಕ್ಕಲಕೋಟ ಸಂಸ್ಥಾನವೂ ಹೋಯಿತು ಅನ್ನೋದು ಬಹಳ ಜನರಿಗೆ ಮರೆತಿದೆ. ಭೋಸಲೆ ರಾಜರ ಸಹಿ ಬಿತ್ತು, ಮುಂಬೈ ಪ್ರಾಂತದಲ್ಲಿ ವಿಲೀನ ಆಯಿತು. ಒಂದು ಗುಂಡು ಹಾರಲಿಲ್ಲ. ಹಂಗಂತ ಇಲ್ಲಿಯ ಜನರನ್ನು ಯಾರೂ ಕೇಳಲೂ ಇಲ್ಲ. 1956ರಲ್ಲಿ ಭಾಷೆಯ ಮೇಲೆ ರಾಜ್ಯ ಮಾಡಿದಾಗ ಕನ್ನಡ ಮಾತಾಡುವ ಈ ತಾಲೂಕು ಎಲ್ಲಿರಬೇಕು ಅಂತಲೂ ಕೇಳಲಿಲ್ಲ. 1967ರಲ್ಲಿ ಮಹಾಜನ ವರದಿ ಅಕ್ಕಲಕೋಟ ಕರ್ನಾಟಕಕ್ಕೆ ಹೋಗಲಿ ಅಂತು, ಆಗಲೂ ಮತಪೆಟ್ಟಿಗೆ ಬರಲಿಲ್ಲ. ಇರಲಿ, ಅದು ಬೇರೆ ಲೇಖನ.

ಸೇತುವೆ ದಾಟಿದ ಮೇಲೆ ಏನಾಯಿತು? ಸೈನ್ಯ ಮುಂದೆ ಹೋದ ಹಾಗೆ ಹಿಂದೆ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ಸೇಡು ಶುರುವಾಯಿತು. ಸುದ್ದಿ ದಿಲ್ಲಿಗೆ ಮುಟ್ಟಿ, ನೆಹರೂ ಅವರು ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಮುಂತಾದವರ ಒಂದು ಸಮಿತಿ ಕಳಿಸಿದರು. ಅವರು ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ 16 ಜಿಲ್ಲೆಗಳ ಪೈಕಿ 9 ಜಿಲ್ಲೆ ತಿರುಗಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಮಾತು ಕೇಳಿದರು. ಅವರ ಅಂದಾಜು: ಪೊಲೀಸ್ ಆ್ಯಕ್ಷನ್ ಹೊತ್ತಿನಲ್ಲಿ ಮತ್ತು ಅದರ ನಂತರ ಸತ್ತವರು 27,000ದಿಂದ 40,000. ಎಲ್ಲಕ್ಕಿಂತ ಕೆಟ್ಟ ಪರಿಸ್ಥಿತಿ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳಲ್ಲಿ. ಅಂದರೆ ನಮ್ಮ ಬೀಗರೂರುಗಳು.

ವರದಿ ಒಂದೇ ಕಣ್ಣಿನಿಂದ ನೋಡಿಲ್ಲ. ರಜಾಕಾರರ ಕ್ರೌರ್ಯವನ್ನೂ ಹೇಳಿದೆ. ಬಹಳ ಕಡೆ ಸೈನಿಕರು ಮುಸಲ್ಮಾನರನ್ನು ಕಾಪಾಡಿದ್ದನ್ನೂ ಹೇಳಿದೆ, ಕೆಲವು ಕಡೆ ಸೈನಿಕರೇ ಗಂಡಸರನ್ನು ಊರ ಹೊರಗೆ ತಂದು ಕೊಂದದ್ದನ್ನೂ ಹೇಳಿದೆ. ಹಿಂದೂ ನೇಕಾರರು ತಮ್ಮ ಜೊತೆಯ ಮುಸಲ್ಮಾನ ನೇಕಾರರನ್ನು ತಮಗೇ ಪೆಟ್ಟು ತಿಂದು ಉಳಿಸಿಕೊಂಡರು ಅಂತ ಓದಿದಾಗ ನನಗೆ ಸೊಲ್ಲಾಪುರದ ಮಗ್ಗಗಳ ಸಪ್ಪಳ ಕೇಳಿಸಿದಂತಾಯಿತು. ಆದರೆ ಅದೇ ವರದಿಯಲ್ಲಿ ಸೊಲ್ಲಾಪುರದ ಹೆಸರು ಬರುವುದು ಬೇರೆ ಕಾರಣಕ್ಕೆ. ಸೊಲ್ಲಾಪುರ ಮತ್ತು ಬೇರೆ ಊರುಗಳಿಂದ ತರಬೇತಿ ಆದ, ಶಸ್ತ್ರ ಹಿಡಿದ ಜನ ಗಡಿ ದಾಟಿ ಹೋಗಿ ಈ ಗಲಭೆಯಲ್ಲಿ ಸೇರಿದ್ದರು ಅಂತ ಸಮಿತಿಗೆ ಸುಳಿವು ಸಿಕ್ಕಿತ್ತು. ನಾಲ್ಕು ಹುತಾತ್ಮರ ಊರಿನ ಹೆಸರು ಈ ಕಾರಣಕ್ಕೂ ಒಂದು ಸರ್ಕಾರಿ ಕಾಗದದಲ್ಲಿದೆ ಅಂತ ನಮಗೆ ಶಾಲೆಯಲ್ಲಿ ಯಾರು ಹೇಳಿದ್ದರು?

ಯಾರೂ ಹೇಳಿರಲಿಲ್ಲ, ಯಾಕಂದರೆ ಆ ವರದಿ ಹೊರಗೇ ಬರಲಿಲ್ಲ. ಸರ್ದಾರ್ ಪಟೇಲರಿಗೆ ಅದು ಒಪ್ಪಿಗೆ ಆಗಲಿಲ್ಲ, ಅದರಲ್ಲಿ ಸಮತೋಲ ಇಲ್ಲ ಅಂದರು. ಒಪ್ಪದಿದ್ದರೆ ತಪ್ಪೇನಿಲ್ಲ, ಮುದ್ರಿಸಿ ಎದುರಿಗೆ ತಮ್ಮ ಮಾತನ್ನೂ ಮುದ್ರಿಸಬಹುದಿತ್ತು. ಸರ್ಕಾರ ಅದನ್ನು ಪೆಟ್ಟಿಗೆಯಲ್ಲಿಟ್ಟಿತು. ನಡುವೆ ಕೆಲವರು ತುಣುಕುಗಳನ್ನು ಪುಸ್ತಕ ಪತ್ರಿಕೆಗಳಲ್ಲಿ ಅಚ್ಚು ಹಾಕಿದರು. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನರಿಗೆ ನೋಡಲು ಸಿಕ್ಕಿದ್ದು 2013ರ ಸುಮಾರಿಗೆ. 65 ವರ್ಷ. ಆ ಹೊತ್ತಿಗೆ ಸಾಕ್ಷಿ ಹೇಳಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರು?

ನನ್ನ ಉತ್ತರ ಇಲ್ಲೇ ಇದೆ. ಯುದ್ಧ ಮಾಡಿದ ಸರ್ಕಾರ ಮರುದಿನವೇ ಸರ್ವಾಧಿಕಾರಿ ಆಗಲಿಲ್ಲ. ಚುನಾವಣೆ ನಿಲ್ಲಿಸಲಿಲ್ಲ, ಸಂವಿಧಾನ ಸಭೆ ಮುಚ್ಚಲಿಲ್ಲ. ಆದರೆ ಗೆದ್ದ ಸಂತೋಷದಲ್ಲಿ ಒಂದು ಚಟ ಹತ್ತಿತು. ಒಳ್ಳೆಯ ಕೆಲಸಕ್ಕೆ ಹೋಗಿದ್ದೆವು, ಆದ್ದರಿಂದ ಅಲ್ಲಿ ಆದದ್ದನ್ನು ಕೇಳಬೇಡಿ ಅನ್ನುವ ಚಟ. ಗಡಿಯ ಆಚೆ ಕಲಿತ ಚಟ ಗಡಿಯ ಆಚೆಯೇ ನಿಲ್ಲುವುದಿಲ್ಲ. ರಜಾಕಾರರ ಮೇಲೆ ಹೋದ ಸೈನ್ಯ ಅಲ್ಲೇ ಉಳಿದು ತೆಲಂಗಾಣದ ರೈತ ಹೋರಾಟದ ಮೇಲೆ ತಿರುಗಿತು. 1951ರ ಅಕ್ಟೋಬರ್‌ನಲ್ಲಿ ಹೋರಾಟ ನಿಲ್ಲುವವರೆಗೆ 4,000 ಜನ ಸತ್ತರು ಅಂತ ಅದರ ನಾಯಕ ಸುಂದರಯ್ಯನವರ ಲೆಕ್ಕ. ಜಮೀನ್ದಾರರ ವಿರುದ್ಧ ನಿಂತವರಲ್ಲಿ ಭೂಮಿ ಇಲ್ಲದ ನಮ್ಮ ಜನರೂ ಇದ್ದರು. ಈ ಕಡೆ 1950ರ ಜನವರಿ 26ಕ್ಕೆ ಸಂವಿಧಾನ ಜಾರಿ ಆಯಿತು, ಒಂದು ತಿಂಗಳು ತುಂಬುವುದರೊಳಗೆ ವಿಚಾರಣೆ ಇಲ್ಲದೆ ಬಂಧಿಸುವ ಮುಂಜಾಗ್ರತಾ ಬಂಧನ ಕಾಯಿದೆ ಬಂತು. ರೌಲಟ್ ಕಾಯಿದೆ ಸುಟ್ಟವರೇ ಇದನ್ನು ತಂದರು. ಇದೆಲ್ಲಾ ಹೈದರಾಬಾದಿನಿಂದಲೇ ಬಂತು ಅಂತ ನಾನು ಹೇಳಲಾರೆ. ದೇಶ ಒಡೆದದ್ದು, ಕಾಶ್ಮೀರದ ಯುದ್ಧ, ಗಾಂಧಿ ಹತ್ಯೆ, ಎಲ್ಲಾ ಕೂಡಿತ್ತು. ಆದರೆ ಒಂದೇ ಮನಸ್ಸಿನಿಂದ ಬಂದದ್ದು ಅನ್ನಿಸುತ್ತದೆ.

ಬಾಬಾಸಾಹೇಬರು ಆ ಸರ್ಕಾರದಲ್ಲೇ ಕಾಯಿದೆ ಮಂತ್ರಿ. ಇದನ್ನು ಮುಚ್ಚಿಡಬಾರದು. ಸೈನ್ಯ ನಳದುರ್ಗ ದಾಟಿದ ಎರಡು ತಿಂಗಳೊಳಗೆ, 1948ರ ನವೆಂಬರ್ 4ರಂದು ಅವರು ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟರು. ಸಂವಿಧಾನದ ನೀತಿ ಅನ್ನೋದು ಜನರಲ್ಲಿ ತಾನಾಗಿ ಹುಟ್ಟುವುದಿಲ್ಲ, ಅದನ್ನು ಬೆಳೆಸಬೇಕು, ಈ ಮಣ್ಣಿನಲ್ಲಿ ಪ್ರಜಾಪ್ರಭುತ್ವ ಮೇಲಿನ ಪದರ ಮಾತ್ರ ಅನ್ನುವ ಅರ್ಥದ ಮಾತು ಅವತ್ತಿನ ಭಾಷಣದಲ್ಲಿದೆ. ನಾವು ಇದನ್ನು ಜಯಂತಿಗೆ ಎಷ್ಟೋ ಸಲ ಕೇಳಿದ್ದೇವೆ. ಸುಂದರಲಾಲ್ ಸಮಿತಿ ಹಳ್ಳಿ ತಿರುಗಿದ್ದು ಅದೇ ತಿಂಗಳ ಕೊನೆಗೆ ಅಂತ ಗೊತ್ತಾದ ಮೇಲೆ ಆ ಮಾತು ನನಗೆ ಬೇರೆ ಥರ ಕೇಳಿಸುತ್ತದೆ. ಸಂವಿಧಾನ ಸಭೆಯಲ್ಲಿ ಮಣ್ಣಿನ ಮಾತು ನಡೆದಾಗ ಆಳಂದ, ಉಮರ್ಗಾ ಮಣ್ಣಿನಲ್ಲಿ ಹೆಣ ಹೂತು ಇನ್ನೂ ಹಸಿ ಇತ್ತು.

ಮೂರು ವರ್ಷದ ನಂತರ 1951ರಲ್ಲಿ ರಾಜೀನಾಮೆ ಕೊಟ್ಟಾಗ ಬಾಬಾಸಾಹೇಬರು ಕೊಟ್ಟ ಹೇಳಿಕೆಯನ್ನು ಎಲ್ಲರೂ ಹಿಂದೂ ಕೋಡ್ ಬಿಲ್ ಸಲುವಾಗಿ ನೆನೆಸುತ್ತಾರೆ. ಅದರಲ್ಲಿ ಒಂದು ಲೆಕ್ಕವೂ ಇದೆ. ಸರ್ಕಾರಕ್ಕೆ ವರ್ಷಕ್ಕೆ ಬರುವ 350 ಕೋಟಿಯಲ್ಲಿ ಸುಮಾರು 180 ಕೋಟಿ ಸೈನ್ಯಕ್ಕೇ ಹೋಗುತ್ತದೆ ಅಂತ. ಅವರು ಅದಕ್ಕೆ ಕಾರಣ ವಿದೇಶ ನೀತಿ ಅಂದರು. ಅರ್ಧಕ್ಕಿಂತ ಹೆಚ್ಚು! ಪರಿಶಿಷ್ಟ ಜಾತಿಯವರ ಕಡೆ ಸರ್ಕಾರದ ಲಕ್ಷ್ಯ ಇಲ್ಲ ಅನ್ನುವ ದೂರೂ ಅದೇ ಹೇಳಿಕೆಯಲ್ಲಿದೆ. ಎರಡನ್ನೂ ಕೂಡಿಸಿ ಓದಬೇಕು. ಸರ್ ಕೇಳಿದ ಪ್ರಶ್ನೆಗೆ ಹಣದ ಭಾಷೆಯ ಉತ್ತರ ಅದು.

ಹಂಗಾದರೆ ಹೈದರಾಬಾದಿನಲ್ಲಿ ಪ್ರಜಾಪ್ರಭುತ್ವ ಬರಲೇ ಇಲ್ಲವೇ? ಬಂತು. ಆದರೆ ತೋಪಿನ ಜೊತೆ ಬರಲಿಲ್ಲ. ಮೊದಲು 1949ರ ಕೊನೆಯವರೆಗೆ ಚೌಧರಿಯವರೇ ಸೈನಿಕ ಗವರ್ನರ್, ಆಮೇಲೆ ವೆಲ್ಲೋಡಿ ಅನ್ನುವ ಐ.ಸಿ.ಎಸ್. ಅಧಿಕಾರಿ ಮುಖ್ಯಮಂತ್ರಿ. ಮೂರೂವರೆ ವರ್ಷ ಕಳೆದ ಮೇಲೆ, 1952ರ ಚುನಾವಣೆಯಲ್ಲಿ ಜನ ಸಾಲು ನಿಂತು ಮತ ಹಾಕಿದ ಮೇಲೆ ಬೂರ್ಗುಲ ರಾಮಕೃಷ್ಣರಾವ್ ಸರ್ಕಾರ ಬಂತು. ಮತದ ಹಕ್ಕು ಕೊಟ್ಟದ್ದು ಸಂವಿಧಾನ. ಐದು ದಿವಸದಲ್ಲಿ ನಿಜಾಮನನ್ನು ಇಳಿಸಿದ ಸರ್ಕಾರಕ್ಕೆ ಜನರನ್ನು ಕೇಳಲು ಮೂರೂವರೆ ವರ್ಷ ಹಿಡಿಯಿತು.

ಆ ಚುನಾವಣೆಯ ಒಂದು ಸಂಗತಿ ನಮ್ಮ ಹುಡುಗರಿಗೆ ಗೊತ್ತಿರಲೇಬೇಕು. ಬಾಬಾಸಾಹೇಬರು ಮುಂಬೈಯಲ್ಲಿ ಸೋತರು. ಇಡೀ ದೇಶದಲ್ಲಿ ಅವರ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ನಿನಿಂದ ಲೋಕಸಭೆಗೆ ಗೆದ್ದವರು ಇಬ್ಬರೇ. ಒಬ್ಬರು ನಮ್ಮ ಸೊಲ್ಲಾಪುರದಿಂದ ಪಿ.ಎನ್. ರಾಜಭೋಜ. ಇನ್ನೊಬ್ಬರು ಹೈದರಾಬಾದ್ ರಾಜ್ಯದ ಕರೀಮನಗರದಿಂದ ಎಂ.ಆರ್. ಕೃಷ್ಣ. ಸೈನ್ಯ ಹೊರಟ ಊರಿನಿಂದ ಒಬ್ಬರು, ಸೈನ್ಯ ಹೋದ ನಾಡಿನಿಂದ ಒಬ್ಬರು. ಕೇರಿಯವರು ಹೆಬ್ಬೆಟ್ಟು ಒತ್ತಿ ಬದುಕುತ್ತಿದ್ದ ಕಾಲದಲ್ಲಿ, ಯಾರ ಕೈಯಲ್ಲೂ ಬಂದೂಕು ಇಲ್ಲದೆ ಆದ ಕೆಲಸ ಅದು.

ಸೆಪ್ಟೆಂಬರ್ 17 ಈಗ ಹಬ್ಬ. ಧಾರಾಶಿವದಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ, ಕಲಬುರ್ಗಿಯಲ್ಲಿ ಮೊದಲು ವಿಮೋಚನಾ ದಿನ, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ನಾವು ನಡುವೆ ಸೊಲ್ಲಾಪುರದವರು, ನಮಗೆ ಅವತ್ತು ರಜೆಯೂ ಇಲ್ಲ. ಗೋರಟಾದಲ್ಲಿ ಸ್ಮಾರಕ ಇದೆ, ಇರಲೇಬೇಕು. ಇನ್ನೊಂದು ಕಡೆಯವರ ಕಲ್ಲು ನಾನು ಎಲ್ಲೂ ನೋಡಿಲ್ಲ.

ಸರ್ ಕೇಳಿದ ಹತ್ತು ಸಾಲು ನನಗೆ ಆರು ಪುಟ ಆಯಿತು. ಅವರು ಓದಿ, ಇದು ಪರೀಕ್ಷೆಗೆ ಬರುವುದಿಲ್ಲ, ಆದರೆ ಇಟ್ಟುಕೋ ಅಂದರು. ಅಚ್ಚಾದ ವರದಿಯ ಒಂದು ಭಾಗವನ್ನು ಗ್ರಂಥಾಲಯದಲ್ಲಿ ಬರೆದುಕೊಂಡು ಬಂದು, ಒಂದು ರಾತ್ರಿ ಊಟ ಆದ ಮೇಲೆ ಅಜ್ಜಿಗೆ ನಮ್ಮ ಮಾತಿನಲ್ಲಿ ಓದಿ ಹೇಳಿದೆ. ಗುಲಬರ್ಗಾ ಜಿಲ್ಲೆ ಹೆಸರು ಬಂದ ಕೂಡಲೇ ಎಲೆ ಅಡಿಕೆ ಕುಟ್ಟೋದು ನಿಲ್ಲಿಸಿದಳು.

"ನಮ್ಮೂರ ಹೆಸರು ಅದ ಏನು ಅದರಾಗ?"

ನಾನು ಬರೆದುಕೊಂಡ ಭಾಗದಲ್ಲಿ ಇರಲಿಲ್ಲ. ಇಲ್ಲ ಅಂದೆ.

ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ, ಆ ಬಾಗಿಲು ಬಹಳ ಛಲೋ ಇತ್ತು, ಸಾಗವಾನಿ ಇತ್ತು, ಮುಂದ ಅದು ಗೌಡರ ವಾಡೆಕ್ಕ ಕುಂತಿತ್ತು, ನಾವೆಲ್ಲಾ ನೋಡೇವಿ ಅಂದಳು.